ಬೀದರ ಕೋಟೆ: ನಿಂತ ಗೋಡೆ, ಬಿದ್ದ ಅರಮನೆ



ಬೀದರ ಕೋಟೆಯ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ರಾಜವಂಶಗಳ ಪಟ್ಟಿಯಿಂದ ಶುರು ಮಾಡುತ್ತಾರೆ: ಬಹಮನಿ, ಬರೀದಶಾಹಿ, ಆದಿಲಶಾಹಿ, ಮೊಗಲ, ನಿಜಾಮ. ಪಟ್ಟಿಯೇನೋ ಸರಿ. ಆದರೆ ಕೋಟೆಯೊಳಗೆ ಕಾಲಿಟ್ಟವರ ಮನಸ್ಸಿನಲ್ಲಿ ಏಳುವ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ತೋಪಿನ ಗುಂಡಿಗೆ ಎದೆಯೊಡ್ಡಿದ ಹೊರಗೋಡೆ, ಬುರುಜು, ಕಂದಕಗಳು ಇವತ್ತಿಗೂ ಗಟ್ಟಿಯಾಗಿವೆ. ಅವುಗಳ ಮರೆಯಲ್ಲಿ ಸುರಕ್ಷಿತವಾಗಿದ್ದ ಅರಮನೆಗಳೇ ಕುಸಿದಿವೆ. ಇದು ಹೇಗಾಯಿತು?

ಮೊದಲು ಕಲ್ಲಿನ ವಿಚಾರ. ಬೀದರ ಇರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನಲ್ಲಿ. ಈ ಕಲ್ಲು ನೆಲದಿಂದ ತೆಗೆಯುವಾಗ ಮೆತ್ತಗಿರುತ್ತದೆ, ಗಾಳಿಗೆ ಒಡ್ಡಿದ ಮೇಲೆ ಬಿಗಿಯುತ್ತದೆ. ಬಹಮನಿ ಸುಲ್ತಾನ ಅಹಮದ್ ಶಾಹ (ಆಳ್ವಿಕೆ 1422-1436) ಕಲಬುರ್ಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದಾಗ ಕೋಟೆಯ ದಕ್ಷಿಣಕ್ಕೆ ಮೂರು ಪದರದ ಕಂದಕ ತೋಡಿಸಿದ. ನಡುವಿನ ಎರಡು ತಡೆಗೋಡೆಗಳನ್ನು ಯಾರೂ ಕಟ್ಟಲಿಲ್ಲ. ಬಂಡೆಯನ್ನು ಕೊರೆಯುತ್ತ ಹೋದಾಗ ಉಳಿಸಿಕೊಂಡ ಬಂಡೆಯೇ ಅವು. ಇಂಥದ್ದಕ್ಕೆ ದುರಸ್ತಿಯ ಚಿಂತೆ ಕಡಿಮೆ.

ಅರಮನೆಯ ಮಾತು ಬೇರೆ. ಕೋಟೆಯೊಳಗಿನ ಸಿಂಹಾಸನದ ಅರಮನೆಯಾದ ತಖ್ತ್ ಮಹಲಿನ ಅಂದ ಇದ್ದದ್ದು ಮೈಮೇಲಿನ ಗಾರೆ, ಬಣ್ಣದ ಮೆರುಗಿನ ಬಿಲ್ಲೆ, ಮರದ ಕಂಬ, ಸೂರುಗಳಲ್ಲಿ. ಮಳೆಗಾಲ ಮುಗಿದಾಗಲೆಲ್ಲ ಯಾರೋ ಒಬ್ಬರು ತಾರಸಿ ಹತ್ತಿ ಬಿರುಕು ನೋಡಬೇಕು, ನೋಡುವವನಿಗೆ ಸಂಬಳ ಬರಬೇಕು. ದರಬಾರು ಇರುವ ತನಕ ಮಾತ್ರ ನಿಲ್ಲುವ ಕಟ್ಟಡ ಅದು.

ಆ ದರಬಾರನ್ನು ಕಂಡವರಲ್ಲಿ ಒಬ್ಬ ರಷ್ಯದ ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್. 1470ರ ಆಸುಪಾಸಿನಲ್ಲಿ ಬೀದರಿನಲ್ಲಿದ್ದ. ಅರಮನೆಗೆ ಏಳು ಬಾಗಿಲು, ಪ್ರತಿ ಬಾಗಿಲಲ್ಲೂ ನೂರು ಕಾವಲುಗಾರರು, ನೂರು ಬರಹಗಾರರು. ಒಳಗೆ ಹೋದವರ ಹೆಸರನ್ನು ಕೆಲವರು, ಹೊರಗೆ ಬಂದವರ ಹೆಸರನ್ನು ಕೆಲವರು ಬರೆದುಕೊಳ್ಳುತ್ತಾರೆ ಎನ್ನುತ್ತಾನೆ. ನೂರರ ಲೆಕ್ಕವನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಇಷ್ಟು ದಫ್ತರು ಬರೆಸುತ್ತಿದ್ದ ಅರಮನೆಯಲ್ಲಿ ಯಾರ ಮೇಲೆ ಯಾರಿಗೆ ನಂಬಿಕೆಯಿತ್ತು ಎಂದು ಕೇಳಿಕೊಳ್ಳಬಹುದು. ಇಲ್ಲಿಯವರೇ ಆದ ದಖನಿಗಳಿಗೂ ಇರಾನ್ ಕಡೆಯಿಂದ ಬಂದ ಆಫಾಕಿಗಳಿಗೂ ಹಗೆ ಬಲಿತಿದ್ದ ಕಾಲ ಅದು. 1472ರಲ್ಲಿ ಊರೊಳಗೆ ಮದರಸ ಕಟ್ಟಿಸಿದ ವಜೀರ ಮಹಮೂದ್ ಗಾವಾನನ ತಲೆ 1481ರಲ್ಲಿ ಉರುಳಿದ್ದು ಒಂದು ಖೊಟ್ಟಿ ಕಾಗದದ ನೆವದಿಂದ. 1487ರಲ್ಲಿ ಸುಲ್ತಾನ ಮಹಮೂದ್ ಶಾಹನನ್ನು ಅರಮನೆಯಲ್ಲೇ ಕೊಲ್ಲುವ ಪ್ರಯತ್ನ ನಡೆಯಿತು. ಏಳು ಬಾಗಿಲ ಕಾವಲು ಹೊರಗಿನವರಿಗೆ. ಕತ್ತಿ ಹಿರಿದವರು ಒಳಗಿನವರು.

ಇದೇ ಮಹಮೂದ್ ಶಾಹನ ಕಾಲದಲ್ಲಿ ಇನ್ನೊಂದು ಘಟನೆ ನಡೆಯಿತು. ನನ್ನ ಮಟ್ಟಿಗೆ ಬೀದರ ಅರಮನೆ ಬೀಳತೊಡಗಿದ್ದು ಅಲ್ಲಿಂದ. ಬಹಮನಿಗಳ ಬಳಿ ತಖ್ತ್-ಎ-ಫಿರೋಜಾ ಎಂಬ ನೀಲಿ ಸಿಂಹಾಸನವಿತ್ತು. ತೆಲಂಗಾಣದ ದೊರೆಯಿಂದ ಬಂದದ್ದು, ಕರಿಮರದ ಮೇಲೆ ಚಿನ್ನದ ತಗಡು ಹೊದಿಸಿದ್ದು. ಒಬ್ಬೊಬ್ಬ ಸುಲ್ತಾನನೂ ರತ್ನ ಕೂಡಿಸುತ್ತ ಹೋಗಿ ಕೊನೆಗೆ ಅದರ ನೀಲಿ ಬಣ್ಣವೇ ಕಾಣದಂತಾಯಿತಂತೆ. ಬೆಲೆ ಒಂದು ಕೋಟಿ ಹೊನ್ನು. ಬಿಜಾಪುರದಲ್ಲಿ ಕುಳಿತು ಇತಿಹಾಸ ಬರೆದ ಫಿರಿಶ್ತಾ ಹೇಳುವ ಮಾತಿದು. ಮಹಮೂದನ ಕಾಲದಲ್ಲಿ ಅದನ್ನು ಬಿಚ್ಚಿ, ಹರಳುಗಳನ್ನು ಕಿತ್ತು ಹೂಜಿ, ಬಟ್ಟಲುಗಳಿಗೆ ಕೂರಿಸಿದರು. ಯಾವ ವೈರಿಯೂ ಲೂಟಿ ಮಾಡಲಿಲ್ಲ. ಮನೆಯವರೇ ಮನೆಯ ನಡುಗಂಬವನ್ನು ಸೌದೆ ಮಾಡಿಕೊಂಡ ಹಾಗೆ.

ಆಮೇಲೆ ಅಧಿಕಾರ ಬರೀದರ ಕೈಗೆ ಜಾರಿತು. ಅವರಲ್ಲಿ ಅಲಿ ಬರೀದನ (1542-1580) ಹೆಸರನ್ನು ಮರೆಯುವಂತಿಲ್ಲ. ರಂಗೀನ್ ಮಹಲಿನ ಇಂದಿನ ಸೊಗಸು ಅವನದು. ಕರಿಗಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕುಸುರಿ, ಕೆತ್ತನೆಯ ಮರದ ಕಂಬಗಳು. ರಾಜ್ಯ ಚಿಕ್ಕದಾಗಿತ್ತು, ಮಹಲೂ ಚಿಕ್ಕದು. ಚಿಕ್ಕದಾಗಿದ್ದಕ್ಕೇ ಉಳಿಯಿತೇನೋ.

1619ರಲ್ಲಿ ಬೀದರ ಬಿಜಾಪುರಕ್ಕೆ ಸೇರಿತು. 1657ರಲ್ಲಿ ಔರಂಗಜೇಬ ಮುತ್ತಿಗೆ ಹಾಕಿದಾಗ ಮದ್ದಿನ ಸಂಗ್ರಹಕ್ಕೆ ಬೆಂಕಿ ಬಿದ್ದು, ಕಿಲ್ಲೇದಾರ ಸಿದ್ದಿ ಮರ್ಜಾನ್ ಸುಟ್ಟ ಗಾಯಗಳಿಂದ ಸತ್ತ. ಊರಿಗೆ ಜಫರಾಬಾದ್ ಎಂದು ಹೆಸರಾಯಿತು. ನಾವು ಗಮನಿಸಬೇಕಾದದ್ದು ಯುದ್ಧವನ್ನಲ್ಲ. 1619ರಿಂದಾಚೆ ಬೀದರಿನಲ್ಲಿ ರಾಜನಿರಲಿಲ್ಲ. ಬಂದವರು ಕಿಲ್ಲೇದಾರರು, ಸುಬೇದಾರರು. ಅವರಿಗೆ ಗೋಡೆ ಬೇಕು, ತೋಪು ಬೇಕು, ಮದ್ದಿನ ಮನೆ ಬೇಕು. ಸಿಂಹಾಸನವಿಲ್ಲದ ಸಭಾಮಂಟಪದ ತಾರಸಿಗೆ ಗಾರೆ ಹಾಕಿಸುವ ಜರೂರು ಯಾರಿಗಿತ್ತು? ಬುರುಜಿಗೆ ಕಲ್ಲು ಸಿಕ್ಕಿತು, ಮಹಲಿಗೆ ಮಳೆ ಸಿಕ್ಕಿತು.

ಹಾಗೆ ಕುಸಿದ ಕಸದ ರಾಶಿಯನ್ನು ತೆಗೆಸಿ ತಖ್ತ್ ಮಹಲಿನ ಆಕಾರವನ್ನು ಮತ್ತೆ ತೋರಿಸಿದವರು ಗುಲಾಮ್ ಯಜ್ದಾನಿ. 1914ರಲ್ಲಿ ಶುರುವಾದ ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಅವರು ಬೀದರಿನ ಇತಿಹಾಸ ಮತ್ತು ಸ್ಮಾರಕಗಳ ಕುರಿತ ದೊಡ್ಡ ಗ್ರಂಥವನ್ನು 1947ರಲ್ಲಿ ಪ್ರಕಟಿಸಿದರು. ತಖ್ತ್ ಮಹಲಿನ ಕಮಾನಿನ ಮೂಲೆಗಳಲ್ಲಿ ಹುಲಿ, ಅದರ ಬೆನ್ನ ಹಿಂದೆ ಮೂಡುವ ಸೂರ್ಯ ಇವೆ. ನೋಡಲು ಹೋದವರು ಕತ್ತೆತ್ತಿ ನೋಡಿ. ಕಾವಲುಗಾರನ ವಿವರಣೆ ಕೇಳುತ್ತ ಅದನ್ನು ದಾಟಿ ಹೋಗುವವರೇ ಹೆಚ್ಚು.

ಕೋಟೆಯ ಪಾಳು ಕಟ್ಟಡಗಳನ್ನು ಇಂದಿಗೂ ಕಸುಬಿಗಾಗಿ ನೆಚ್ಚಿಕೊಂಡವರು ಬಿದರಿ ಕೆಲಸದವರು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಗೆರೆ ಕೊರೆದು, ಬೆಳ್ಳಿ ಕೂರಿಸಿದ ಮೇಲೆ ಪಾತ್ರೆಗೆ ಕಪ್ಪು ಬರಿಸಬೇಕು. ಅದಕ್ಕೆ ನವಸಾಗರದ ಜೊತೆಗೆ ಬೇಕಾಗುವುದು ಈ ಕೋಟೆಯ ಹಳೆಯ ಕಟ್ಟಡಗಳೊಳಗೆ ಬಿಸಿಲು ಮಳೆ ಕಾಣದೆ ಬಿದ್ದಿರುವ ಮಣ್ಣು. ನೀರಿನಲ್ಲಿ ಕಲಸಿ ಕಾಯಿಸಿದ ಆ ಮಣ್ಣಿಗೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಮಣ್ಣು ಸರಿಯಾದದ್ದೋ ಅಲ್ಲವೋ ಎಂದು ಅವರು ನಾಲಿಗೆಗೆ ಇಟ್ಟು ನೋಡುತ್ತಾರೆ.