ಚೀಟಿ ಸಾಲಿನಲ್ಲಿ ನಿಮ್ಮ ಜಾಗ ಖಾಲಿ ಇದೆ

ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ಯಾವುದಾದರೂ ತಾಲ್ಲೂಕು ಆಸ್ಪತ್ರೆಯ ಅಂಗಳದಲ್ಲಿ ನಿಂತು ನೋಡಿ. ಚೀಟಿ ಕೊಡುವ ಕಿಟಕಿ ಇನ್ನೂ ತೆರೆದಿರುವುದಿಲ್ಲ, ಸಾಲು ಮಾತ್ರ ಆಗಲೇ ಬೇವಿನ ಮರದವರೆಗೆ ಬೆಳೆದಿರುತ್ತದೆ. ಮೊದಲ ಬಸ್ಸು ಹಿಡಿದು ಬಂದ ಮುದುಕರು, ಮಗುವನ್ನು ಹೆಗಲಿಗೆ ಹಾಕಿಕೊಂಡ ತಾಯಂದಿರು, ಅವತ್ತಿನ ಕೂಲಿ ಬಿಟ್ಟು ಬಂದ ಗಾರೆ ಕೆಲಸದವರು. ಜಾಗ ಹಿಡಿಯಲು ಕೆಲವರು ಚಪ್ಪಲಿ ಇಟ್ಟು ಗೋಡೆಯ ನೆರಳಿಗೆ ಹೋಗಿ ಕೂತಿರುತ್ತಾರೆ.

ಒಮ್ಮೆ ಅಂಥದೇ ಸಾಲಿನಲ್ಲಿ ನಾನಿದ್ದೆ. ಡಾಕ್ಟರನ್ನು ನೋಡಿಕೊಂಡು ಹೊರಬಂದ ಅಜ್ಜಿಯೊಬ್ಬರು ನೇರ ನನ್ನ ಹತ್ತಿರ ಬಂದು ಚೀಟಿ ಚಾಚಿದರು. "ಇದ್ರಲ್ಲಿ ಏನ್ ಬರ್ದವ್ರೆ ಒಸಿ ನೋಡಪ್ಪ. ಊಟಕ್ಕೆ ಮುಂಚೆ ನುಂಗ್ಬೇಕೋ, ಆಮೇಲೋ?" ಮೂರು ಮಾತ್ರೆಗಳಲ್ಲಿ ಎರಡು ಆಸ್ಪತ್ರೆಯಲ್ಲೇ ಸಿಕ್ಕಿದ್ದವು. ಮೂರನೆಯದನ್ನು ಹೊರಗೆ ತಗೊಳ್ಳಲು ಹೇಳಿದ್ದರು. ಅದೇ ಔಷಧ ಬೇರೆ ಹೆಸರಿನಲ್ಲಿ, ಕಡಿಮೆ ಬೆಲೆಗೆ, ರಸ್ತೆಯಾಚೆಯ ಜನೌಷಧಿ ಅಂಗಡಿಯಲ್ಲಿತ್ತು. ಅದು ಅಜ್ಜಿಗೆ ಗೊತ್ತಿರಲಿಲ್ಲ. ಜೊತೆಗೆ ಹೋಗಿ ಕೊಡಿಸಿ ಬರಲು ಹಿಡಿದದ್ದು ಐದು ನಿಮಿಷ. ವಾಪಸು ಬಂದರೆ ಅದೇ ಸಾಲಿನಿಂದ ಇನ್ನೂ ನಾಲ್ಕು ಕೈ, ನಾಲ್ಕು ಚೀಟಿ. ಇಷ್ಟು ಜನರ ನಡುವೆ ಓದಿ ಹೇಳಬಲ್ಲವರು ಯಾಕೆ ಇಲ್ಲ ಎಂದು ಅವತ್ತು ನನಗೆ ಮೊದಲ ಬಾರಿಗೆ ಅನ್ನಿಸಿತು.

ಯಾಕೆಂದರೆ ಓದಿದವರು ಸಾಲು ಬಿಟ್ಟು ಹೋಗಿದ್ದಾರೆ. ಸರ್ಕಾರಿ ಆಸ್ಪತ್ರೆ ಕೆಟ್ಟಿತು, ಅದಕ್ಕೇ ಬಿಟ್ಟೆವು ಎನ್ನುತ್ತೇವೆ. ನಾವು ಬಿಟ್ಟಮೇಲೆ ಅದು ಇನ್ನಷ್ಟು ಕೆಟ್ಟಿತು ಎನ್ನುವ ಉಳಿದರ್ಧ ಸತ್ಯವನ್ನು ಹೇಳಿಕೊಳ್ಳುವುದಿಲ್ಲ. "ಸ್ಕ್ಯಾನಿಂಗ್ ಮಷೀನ್ ಯಾಕೆ ನಿಂತಿದೆ? ಈ ಮಾತ್ರೆ ಯಾಕೆ ಸ್ಟಾಕ್ ಇಲ್ಲ?" ಎಂದು ಕೇಳಬಲ್ಲವರು ಒಬ್ಬೊಬ್ಬರಾಗಿ ಖಾಸಗಿ ನರ್ಸಿಂಗ್ ಹೋಮಿನ ಮೆಟ್ಟಿಲೇರಿದರು. ಉಳಿದವರು ಕೈಮುಗಿದು ನಿಲ್ಲುವವರು. ಕೈಮುಗಿಯುವವರಷ್ಟೇ ಬರುವ ಜಾಗ ತಾನಾಗಿ ಸುಧಾರಿಸಿದ್ದನ್ನು ಯಾರೂ ಕಂಡಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತೇವಲ್ಲ, ಆ ಗಿಡಕ್ಕೆ ನೀರು ಹಾಕುವುದನ್ನು ನಿಲ್ಲಿಸಿದವರೂ ನಾವೇ.

ಹುಡುಗರೇ, ಹುಡುಗಿಯರೇ, ಈ ಮಾತು ನಿಮಗೆ. ಒಳ್ಳೆಯ ಚಿಕಿತ್ಸೆ ಎಲ್ಲರ ಕೈಗೆಟುಕಬೇಕಾದರೆ ದಾನಿಗಳು ಬೇಕು, ಯೋಜನೆಗಳು ಬೇಕು, ಬಜೆಟ್ ಬೇಕು. ಇವೆಲ್ಲಕ್ಕೂ ಮೊದಲು ಆ ಸಾಲಿನಲ್ಲಿ ನೀವು ಬೇಕು.

ಜೇಬಿನ ಲೆಕ್ಕ ನೋಡಿ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ 2013-14ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ 64.2 ಜನರ ಸ್ವಂತ ಜೇಬಿನಿಂದ ಹೋಗುತ್ತಿತ್ತು. 2021-22ರ ಹೊತ್ತಿಗೆ ಅದು ಶೇ 39.4ಕ್ಕೆ ಇಳಿದಿದೆ. ಇಳಿದಿದ್ದು ಸಣ್ಣ ಮಾತಲ್ಲ. ಆದರೆ ಇನ್ನೂ ಜೇಬಿನಿಂದಲೇ ಹೋಗುವ ಆ ಪಾಲು ಎಲ್ಲಿಂದ ಬರುತ್ತದೆ ಎಂದು ನಿಮ್ಮ ಮನೆಯಲ್ಲೇ ಕೇಳಿ. ಅಡವಿಟ್ಟ ಬಳೆಯಿಂದ, ಮಾರಿದ ಹಸುವಿನಿಂದ, ತಂಗಿ ಕಾಲೇಜು ಬಿಟ್ಟ ವರ್ಷದಿಂದ. ಸರ್ಕಾರಗಳೆಲ್ಲ ಸೇರಿ ಆರೋಗ್ಯಕ್ಕೆ ಮಾಡಿದ ಖರ್ಚು ಅದೇ 2021-22ರಲ್ಲಿ ಜಿಡಿಪಿಯ ಶೇ 1.84. 2025ರೊಳಗೆ ಶೇ 2.5ಕ್ಕೆ ಏರಿಸುತ್ತೇವೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ ಬರೆದುಕೊಂಡವರು ಯಾರೆಂದು ಓಟು ಕೇಳಲು ಬಂದವರ ಹತ್ತಿರ ಕೇಳುವುದು ಒರಟುತನವೇನೂ ಅಲ್ಲ.

ಆರೋಗ್ಯವೇ ಭಾಗ್ಯ ಎಂದು ಶಾಲೆಯ ಗೋಡೆಯ ಮೇಲೆ ಓದಿ ಬೆಳೆದವರು ನಾವು. ಭಾಗ್ಯ ಹಣೆಬರಹದ ಮಾತು, ಪಡೆದುಬಂದವರಿಗೆ ಉಂಟು, ಇಲ್ಲದವರಿಗೆ ಇಲ್ಲ. ಆ ಗೋಡೆಬರಹವನ್ನು ಆರೋಗ್ಯವೇ ಹಕ್ಕು ಎಂದು ತಿದ್ದುವ ಕೆಲಸ ನಿಮ್ಮ ಪೀಳಿಗೆಗೆ ಉಳಿದಿದೆ.

"ನಮ್ಮ ಜನರಿಗೆ ತಿಳಿವಳಿಕೆ ಇಲ್ಲ, ಕಾಯಿಲೆ ಬಂದರೂ ಆಸ್ಪತ್ರೆಗೆ ಬರುವುದಿಲ್ಲ" ಎಂಬ ಹಳೆಯ ದೂರೊಂದಿದೆ. ಅದನ್ನು ಸುಳ್ಳೆಂದು ತೋರಿಸಿದ್ದು ನಮ್ಮ ತುಮಕೂರು ಜಿಲ್ಲೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅಲ್ಲಿನ ಹಳ್ಳಿಗಳಲ್ಲಿ ಮಾಡಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಕ್ಷಯದ ಲಕ್ಷಣಗಳಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಯಾರೂ ಹೇಳದೆಯೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಬಹಳಷ್ಟು ಜನರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧ! ರೋಗಿ ಬಾಗಿಲವರೆಗೆ ಬಂದಿದ್ದ, ಬಾಗಿಲಿನ ಒಳಗಿದ್ದವರು ಅವನನ್ನು ಗುರುತಿಸಲಿಲ್ಲ. ಅರವತ್ತು ವರ್ಷದ ಹಿಂದಿನ ಈ ಪಾಠ ಇವತ್ತಿಗೂ ಹಳತಾಗಿಲ್ಲ. ಜನರಿಗೆ ಬುದ್ಧಿ ಹೇಳುವ ಭಾಷಣ ಆಮೇಲೆ ಇರಲಿ, ಬಾಗಿಲ ಒಳಗೆ ಏನಾಗುತ್ತಿದೆ ಎಂದು ಮೊದಲು ನೋಡೋಣ.

ನಾವು ಸಣ್ಣವರು, ನಮ್ಮಿಂದೇನಾದೀತು ಎನ್ನಬೇಡಿ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳ ಒಂದು ಗುಂಪು, ವೈದ್ಯರಿಗೆ ಕಂಪನಿಗಳು ಕೊಡುವ ಸ್ಯಾಂಪಲ್ ಮಾತ್ರೆಗಳನ್ನು ಕೂಡಿಹಾಕಿ ಬಡ ರೋಗಿಗಳಿಗೆ ಹಂಚತೊಡಗಿತು. ಅವರಲ್ಲಿ ಮುಂದೆ ನಿಂತವರು ಆರ್. ಬಾಲಸುಬ್ರಹ್ಮಣ್ಯಂ. ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಹುಟ್ಟಿದ್ದು ಹೀಗೆ. ಆ ಹುಡುಗರು ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳಿಗೆ ಹೋದರು, ಕೆಂಚನಹಳ್ಳಿ ಮತ್ತು ಸರಗೂರಿನಲ್ಲಿ ಆಸ್ಪತ್ರೆ ಕಟ್ಟಿದರು. ಆರಂಭದ ದಿನ ಅವರ ಕೈಯಲ್ಲಿದ್ದದ್ದು ಒಂದು ಚೀಲ ಮಾತ್ರೆ.

ಅದಕ್ಕೂ ಮುಂಚೆ, 1981ರಲ್ಲಿ, ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರಂಭಿಸಿದ್ದರು. ಮುಂದೆ ಅವರ ಕರುಣಾ ಟ್ರಸ್ಟ್ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೇ ವಹಿಸಿಕೊಂಡು ನಡೆಸಿ ತೋರಿಸಿತು. ಗಮನಿಸಿ, ಅವರು ಸರ್ಕಾರಿ ಆಸ್ಪತ್ರೆಯ ಎದುರಿಗೆ ಇನ್ನೊಂದು ಅಂಗಡಿ ತೆರೆಯಲಿಲ್ಲ. ಇರುವುದನ್ನೇ ಎತ್ತಿ ನಿಲ್ಲಿಸಿದರು.

ಡಾಕ್ಟರಾಗದವರಿಗೂ ಇಲ್ಲಿ ಕೆಲಸವುಂಟು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಮತ್ತು ರಾಣಿ ಬಂಗ್ ದಂಪತಿ ಹಳ್ಳಿಯ ಹೆಣ್ಣುಮಕ್ಕಳಿಗೆ ಹಸುಗೂಸುಗಳ ಆರೈಕೆ ಕಲಿಸಿದರು. ತೂಕ ನೋಡುವುದು, ಬೆಚ್ಚಗಿಡುವುದು, ಉಸಿರಾಟದ ತೊಂದರೆ ಗುರುತಿಸುವುದು, ಬೇಕಾದಾಗ ಇಂಜೆಕ್ಷನ್ ಕೊಡುವುದು. 39 ಹಳ್ಳಿಗಳಲ್ಲಿ ನವಜಾತ ಶಿಶುಗಳ ಸಾವು ಶೇ 62ರಷ್ಟು ಇಳಿಯಿತೆಂದು 1999ರ ಅವರ ವರದಿ ಹೇಳಿತು. ಇವತ್ತು ಬಾಣಂತಿಯ ಮನೆಗೆ ಬಂದು ಮಗುವನ್ನು ತೂಗಿ ನೋಡುವ ನಿಮ್ಮೂರಿನ ಆಶಾ ಕಾರ್ಯಕರ್ತೆಯ ಕೆಲಸದ ಹಿಂದೆ ಆ ಅನುಭವವಿದೆ. ಸುಮಾರು ಸಾವಿರ ಜನಕ್ಕೆ ಒಬ್ಬರಂತೆ ನಮ್ಮ ಆರೋಗ್ಯ ವ್ಯವಸ್ಥೆಯನ್ನು ಕಾಲ್ನಡಿಗೆಯಲ್ಲಿ ಹೊತ್ತು ತಿರುಗುವವರು ಅವರು. ಸರಿಯಾದ ಗೌರವಧನಕ್ಕಾಗಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಾಗ ಟಿವಿ ಚಾನಲ್ ಬದಲಾಯಿಸಬೇಡಿ.

ದುಡ್ಡಿನ ವಿಷಯದಲ್ಲೂ ನಮ್ಮ ನಾಡು ದಾರಿ ಹುಡುಕಿದೆ. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘದ ಸದಸ್ಯರಾದ ರೈತರು ಕಟ್ಟಿದ್ದು ತಿಂಗಳಿಗೆ ಐದು ರೂಪಾಯಿ. ಮೊದಲ ವರ್ಷವೇ ಸುಮಾರು 16 ಲಕ್ಷ ಮಂದಿ ಸೇರಿದರು, ಸರ್ಕಾರವೂ ಕೈಜೋಡಿಸಿತು. ಹನಿ ಹನಿ ಕೂಡಿದರೆ ಹಳ್ಳ ಎಂಬುದನ್ನು ಡೇರಿಗೆ ಹಾಲು ಹಾಕುವ ರೈತನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಬ್ಬನ ಹೃದಯದ ಆಪರೇಷನ್ನಿಗೆ ಊರೆಲ್ಲ ಸೇರಿ ಕಟ್ಟಿದ ಹಣ ಅದು.

ಇಷ್ಟೆಲ್ಲ ಇದ್ದೂ ಯೋಜನೆ ಮತ್ತು ರೋಗಿಯ ನಡುವೆ ಒಂದು ಕಂದಕವಿದೆ. ಆ ಕಂದಕ ಬಹುಪಾಲು ಕಾಗದದ್ದು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30. ಆದರೆ ತುರ್ತು ಸಂದರ್ಭ ಬಿಟ್ಟರೆ, ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಇದು ತಿಳಿಯದೆ ನೇರ ಹೋಗಿ ಅಡ್ಮಿಟ್ ಆಗಿ, ಬಿಲ್ ಬಂದಮೇಲೆ ತಲೆಮೇಲೆ ಕೈಹೊತ್ತು ಕೂತವರನ್ನು ನಾನು ನೋಡಿದ್ದೇನೆ. ಈ ನಿಯಮಗಳನ್ನು ನೀವು ಅರ್ಧ ಗಂಟೆಯಲ್ಲಿ ಕಲಿಯಬಲ್ಲಿರಿ. ನಿಮ್ಮ ಬೀದಿಯ ಹತ್ತು ಮನೆಗೆ ಕಾರ್ಡು ಮಾಡಿಸಿ ಕೊಡಿ.

ಎದೆನೋವು ಬಂದಾಗ "ಗ್ಯಾಸ್ಟ್ರಿಕ್ ಇರ್ಬೇಕು" ಎಂದು ಸೋಡ ಕುಡಿಸಿ ಕೂರಿಸುವ ಮನೆ ನಿಮ್ಮದೂ ಇರಬಹುದು. 46ನೇ ವಯಸ್ಸಿಗೇ ಹೋದ ನಟ ಪುನೀತ್ ರಾಜ್‌ಕುಮಾರ್, ನಮ್ಮ ಅಪ್ಪುವಿನ ಹೆಸರಿನಲ್ಲಿ 2023ರಲ್ಲಿ ಆರಂಭವಾದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಕೇಂದ್ರದ ತಜ್ಞರಿಗೆ ತೋರಿಸಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿಯ ಇಂಜೆಕ್ಷನ್ ಅದು. ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಇದು ಸಿಗುತ್ತದೆ ಎಂದು ಇವತ್ತೇ ವಿಚಾರಿಸಿ ಬರೆದಿಟ್ಟುಕೊಳ್ಳಿ. ಅಪ್ಪುವಿನ ಫೋಟೋಗೆ ಹಾರ ಹಾಕುವ ಹುಡುಗರ ಸಂಘಕ್ಕೆ ಇದಕ್ಕಿಂತ ಒಳ್ಳೆಯ ಅಭಿಮಾನದ ಕೆಲಸ ಯಾವುದಿದೆ?

ಅಪಘಾತವಾದಾಗ "ಮೊದಲು ಅಡ್ವಾನ್ಸ್ ಕಟ್ಟಿ" ಎಂದರೆ ಹೆದರಬೇಡಿ. ಜೀವ ಉಳಿಸುವ ತುರ್ತು ಚಿಕಿತ್ಸೆ ಕೊಡುವುದು ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಪ್ರತಿ ವೈದ್ಯರ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 1989ರ ಪರಮಾನಂದ ಕಟಾರಾ ಪ್ರಕರಣದಲ್ಲೇ ಹೇಳಿದೆ. ಮೆತ್ತಗೆ, ಆದರೆ ಗಟ್ಟಿಯಾಗಿ ಅದನ್ನು ನೆನಪಿಸಿ.

ಊರಿನಲ್ಲಿ ಇನ್ನೊಂದು ಬಾಗಿಲಿದೆ. ಪ್ರತಿ ಹಳ್ಳಿಗೂ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಇರಬೇಕು. ಅದಕ್ಕೆ ವರ್ಷಕ್ಕೆ 10,000 ರೂಪಾಯಿವರೆಗೆ ನಿಧಿ ಕೊಡುವ ಏರ್ಪಾಡಿದೆ. ನಿಮ್ಮೂರಿನ ಸಮಿತಿ ಕೊನೆಯ ಬಾರಿ ಸೇರಿದ್ದು ಯಾವಾಗ? ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ಯಾರಿದ್ದಾರೆ? ಗ್ರಾಮಸಭೆಯಲ್ಲಿ ಎದ್ದು ಕೇಳಿ. ಉತ್ತರ ಬರದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಬೆಂಗಳೂರಿನಲ್ಲಿರುವವರೇ, ನಿಮ್ಮ ಅಪಾರ್ಟ್‌ಮೆಂಟ್ ಕಟ್ಟಿದ ಯಾದಗಿರಿಯ, ರಾಯಚೂರಿನ ಕೂಲಿಯವರು ಶೆಡ್ಡಿನಲ್ಲಿ ಜ್ವರ ಹೊದ್ದು ಮಲಗಿರುತ್ತಾರೆ. ಎರಡು ಬೀದಿ ಆಚೆಯ ಸರ್ಕಾರಿ 'ನಮ್ಮ ಕ್ಲಿನಿಕ್'ನಲ್ಲಿ ಮಾತ್ರೆ, ಪರೀಕ್ಷೆ ಪುಕ್ಕಟೆ ಎಂದು ಅವರಿಗೆ ಹೇಳಿದವರಿಲ್ಲ. ಈ ಊರು ಅವರದೂ ಹೌದು ಎಂದು ತೋರಿಸುವುದಕ್ಕೆ ಒಂದು ಸಂಜೆ ಸಾಕು.

ಇದರಿಂದ ಸರ್ಕಾರದ ಹೊಣೆ ನಿಮ್ಮ ಹೆಗಲಿಗೆ ದಾಟಿತೆಂದು ತಿಳಿಯಬೇಡಿ. ಖಾಲಿ ಇರುವ ತಜ್ಞರ ಹುದ್ದೆಯನ್ನು ಯಾವ ಯುವಕ ಸಂಘವೂ ತುಂಬಲಾರದು. ಸ್ವಯಂಸೇವೆ ಬಜೆಟ್ಟಿಗೆ ಪರ್ಯಾಯವಾದರೆ ಅದು ಮೋಸವೇ. ಆದರೆ ಹುದ್ದೆ ಖಾಲಿ ಇದೆಯೆಂದು ದಾಖಲೆ ಸಮೇತ, ತಿಂಗಳು ತಿಂಗಳು, ಸೌಜನ್ಯ ಬಿಡದೆ ಕೇಳುತ್ತಲೇ ಇರುವ ಇಪ್ಪತ್ತು ಜನರಿರುವ ತಾಲ್ಲೂಕಿನಲ್ಲಿ ಅದು ಬಹಳ ಕಾಲ ಖಾಲಿ ಉಳಿಯುವುದು ಕಷ್ಟ. ಕೇಳುವಾಗ ಒಂದು ಎಚ್ಚರವಿರಲಿ. ಒಂದೇ ಬೆಳಿಗ್ಗೆ ಇನ್ನೂರು ರೋಗಿಗಳನ್ನು ನೋಡುವ ಡಾಕ್ಟರೂ ನಿಮ್ಮ ಹಾಗೇ ದಣಿದವರು. ಅವರ ಮುಖಕ್ಕೆ ಮೊಬೈಲ್ ಹಿಡಿದು ವಿಡಿಯೋ ಮಾಡುವುದು ಸುಲಭ. ಅವರಿಗೆ ಇನ್ನೊಬ್ಬ ಡಾಕ್ಟರನ್ನು ತಂದುಕೊಡಲು ಹೋರಾಡುವುದು ಕೆಲಸ.

ವೈದ್ಯಕೀಯ ಓದುತ್ತಿರುವವರಿಗೆ ಒಂದೇ ಮಾತು. ಹಳ್ಳಿಯಲ್ಲಿ ಸೇವೆ ಮಾಡುವ ಸರದಿ ಬಂದರೆ ಅದನ್ನು ಶಿಕ್ಷೆಯೆಂದು ಎಣಿಸಿ ಕಳೆಯಬೇಡಿ. ಪುಸ್ತಕದಲ್ಲಿಲ್ಲದ ಪಾಠ ಕಲಿಸುವ ರೋಗಿಗಳು ಅಲ್ಲಿ ಕಾಯುತ್ತಿದ್ದಾರೆ.

ಆ ಅಜ್ಜಿಗೆ ಕೊಟ್ಟಿದ್ದು ಮೂವತ್ತು ದಿನದ ಮಾತ್ರೆ. ಮುಗಿದ ಮಾರನೆ ದಿನ ಮೊದಲ ಬಸ್ಸಿಗೇ ಬರುತ್ತಾರೆ, ಚಪ್ಪಲಿ ಇಟ್ಟು ಬೇವಿನ ನೆರಳಿನಲ್ಲಿ ಕೂರುತ್ತಾರೆ, ಆಮೇಲೆ ಚೀಟಿ ಹಿಡಿದು ಓದಿ ಹೇಳುವವರಿಗಾಗಿ ಅತ್ತಿತ್ತ ನೋಡುತ್ತಾರೆ. ಕಿಟಕಿ ತೆರೆಯುವುದು ಒಂಬತ್ತಕ್ಕೆ. ನೀವು ಸ್ವಲ್ಪ ಮುಂಚೆಯೇ ಬನ್ನಿ.