ಯಾರ ತೋಳಿನ ಮೈಲಿ?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)

ನಮ್ಮ ಅಜ್ಜ ಅಜ್ಜಿಯರ ತೋಳಲ್ಲಿ ನಾಲ್ಕಾಣೆ ಬಿಲ್ಲೆಯಂಥ ಗುರುತು ನೋಡಿರ್ತೀರಿ. ಮೈಲಿ ಹಾಕಿದ್ದು ಅಂತಾರೆ. ಆ ಗುರುತಿನ ಚರಿತ್ರೆಯನ್ನು ಇವತ್ತು ಕೆದಕೋಣ.

ಪಠ್ಯಪುಸ್ತಕದಲ್ಲಿ ಇರೋದು ಒಂದೇ ಹೆಸರು. 1796ರಲ್ಲಿ ಇಂಗ್ಲೆಂಡಿನ ಜೆನ್ನರ್ ಸಿಡುಬಿಗೆ ಲಸಿಕೆ ಕೊಟ್ಟ. ಸುಳ್ಳಲ್ಲ, ಅವನಿಗೆ ನಾವೂ ಕೈ ಮುಗಿಯುತ್ತೇವೆ. ಆದರೆ ಲಸಿಕೆಗೆ ಕೀವು ಸಿಕ್ಕಿದ್ದು ಹಾಲು ಕರೆಯುವ ಸಾರಾ ನೆಲ್ಮ್ಸಳ ಕೈಯಿಂದ. ಹಾಕಿದ್ದು ತೋಟದಾಳಿನ ಮಗ, ಎಂಟು ವರ್ಷದ ಜೇಮ್ಸ್ ಫಿಪ್ಸನ ತೋಳಿಗೆ. ದನದ ಸಿಡುಬು ಬಂದೋರಿಗೆ ದೊಡ್ಡ ಸಿಡುಬು ಬರೋಲ್ಲ ಅನ್ನೋದು ಹಾಲು ಕರೆಯೋರಿಗೆ ಮೊದಲೇ ಗೊತ್ತಿತ್ತು.

ಇನ್ನೂ ಹಿಂದೆ ಹೋದರೆ ಅಮೆರಿಕದ ಬೋಸ್ಟನ್. ಅಲ್ಲಿ ಪಾದ್ರಿ ಕಾಟನ್ ಮಾದರನ ಮನೆಯಲ್ಲಿ ಒನೆಸಿಮಸ್ ಎಂಬ ಆಫ್ರಿಕದ ಗುಲಾಮನಿದ್ದ. ಸಿಡುಬಿನ ಕೀವನ್ನು ಚರ್ಮ ಗೀರಿ ಸ್ವಲ್ಪ ಸೇರಿಸಿದರೆ ರೋಗ ಹಗುರಾಗಿ ಬಂದು ಹೋಗುತ್ತೆ, ಮತ್ತೆ ಬರೋಲ್ಲ ಅಂತ ಒಡೆಯನಿಗೆ ಹೇಳಿಕೊಟ್ಟವನು ಅವನು. 1721ರಲ್ಲಿ ಊರಿಗೆ ಸಿಡುಬು ಬಂತು. ಗುಲಾಮರ ಮಾತು ನಂಬೋದೇ ಅಂತ ಜನ ನಕ್ಕರು. ಪಾದ್ರಿ ಮನೆಗೆ ಬಾಂಬೂ ಎಸೆದರು. ಬಾಯ್ಲ್‌ಸ್ಟನ್ ಎಂಬ ವೈದ್ಯ ಮಾತ್ರ 240ಕ್ಕೂ ಹೆಚ್ಚು ಜನಕ್ಕೆ ಹಾಗೆ ಮಾಡಿದ. ಸತ್ತವರು 6. ತಾನಾಗಿ ಸಿಡುಬು ಬಂದವರಲ್ಲಿ ನೂರಕ್ಕೆ ಸುಮಾರು 14 ಜನ ಸತ್ತರು.

ನಮ್ಮ ದೇಶಕ್ಕೆ ಲಸಿಕೆ ಬಂದದ್ದು 1802ರಲ್ಲಿ. ಆಗ ಐಸ್ ಪೆಟ್ಟಿಗೆ ಇಲ್ಲ. ಒಬ್ಬರ ತೋಳಿನ ಗುಳ್ಳೆಯಿಂದ ಇನ್ನೊಬ್ಬರ ತೋಳಿಗೆ ದಾಟಿಸಬೇಕು. ಬೊಂಬಾಯಲ್ಲಿ ಮೊದಲು ಹಾಕಿಸಿಕೊಂಡವಳು ಅನ್ನಾ ದಸ್ತಾಲ್, ಮೂರು ವರ್ಷದ ಕೂಸು, ಮನೆಯಾಳಿನ ಮಗಳು. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದ ಚಿತ್ರದಲ್ಲಿ ಮೈಸೂರಿನ ರಾಣಿ ಸೆರಗು ಸರಿಸಿ ತೋಳು ತೋರಿಸ್ತಾಳೆ. ಅದು ಲಸಿಕೆಯ ಪ್ರಚಾರ ಅಂತ ಚರಿತ್ರೆಕಾರರು ಹೇಳ್ತಾರೆ. ರಾಣಿಗೆ ಚಿತ್ರವಿದೆ. ಊರಿಂದೂರಿಗೆ ತೋಳಲ್ಲಿ ಲಸಿಕೆ ಹೊತ್ತ ಕೂಸುಗಳಿಗೆ?

ಆ ಕೂಸುಗಳು ಬಹುಪಾಲು ಬಡವರವು, ಕೀಳುಜಾತಿ ಅನ್ನಿಸಿಕೊಂಡೋರವು. ಉಳ್ಳವರು ತಮ್ಮ ಮಕ್ಕಳ ಗುಳ್ಳೆ ಒಡೆಯಲು ಬಿಡಲಿಲ್ಲ. ಹೊಲಗೇರಿ ಮಗುವಿನ ಮೈಲಿ ತಮ್ಮ ಮಕ್ಕಳಿಗೆ ಹಾಕಿದರೆ ಮೈಲಿಗೆ ಅಂದರು. ಸಿಡುಬು ಮಾತ್ರ ಯಾರ ಜಾತಿಯನ್ನೂ ಕೇಳಲಿಲ್ಲ.

1975ರಲ್ಲಿ ಭಾರತದಿಂದ, 1977ರಲ್ಲಿ ಸೊಮಾಲಿಯಾದಿಂದ ಸಿಡುಬು ಹೋಯಿತು. 1980ರಲ್ಲಿ ಲೋಕಕ್ಕೇ ಇಲ್ಲ ಎಂದು ಸಾರಿದರು. ಕೊನೇ ಗುಡಿಸಲವರೆಗೂ ಹುಡುಕಿ ಹೋಗಿದ್ದಕ್ಕೇ ಇದು ಆಯಿತು. ಒಂದು ಕೇರಿ ಬಿಟ್ಟಿದ್ದರೂ ರೋಗ ಅಲ್ಲೇ ಕೂತಿರುತ್ತಿತ್ತು.

ಗೆಳೆಯರೇ, ವಿಜ್ಞಾನ ನಮಗೆ ಹತ್ತೋಲ್ಲ ಅಂತ ಹೆದರಿ ಆರ್ಟ್ಸ್ ಸೇರಿದೋರು ನಮ್ಮಲ್ಲಿ ಎಷ್ಟೋ ಜನ. ಆ ಹೆದರಿಕೆ ನಾವು ಹುಟ್ಟುತ್ತಾ ತಂದದ್ದಲ್ಲ, ನಮಗೆ ಕಲಿಸಿದ್ದು. ನಮ್ಮಂಥೋರ ತೋಳಿಂದ ಬೆಳೆದ ವಿದ್ಯೆ ಇದು. ನಿಮ್ಮ ತಮ್ಮ ತಂಗಿಯರು ವಿಜ್ಞಾನ ಓದಲಿ. ಊರಿಗೆ ಹೋದಾಗ ಕೇರಿಯ ಒಂದು ಮಗುವೂ ಚುಚ್ಚುಮದ್ದಿಲ್ಲದೆ ಉಳಿಯದ ಹಾಗೆ ನೋಡಿಕೊಳ್ಳೋಣ.

ಜೈ ಭೀಮ್.