ಹಾಡಿಗೆ ಯಾಕೆ ಅಡ್ಡಗಾಲು?

ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿ ಕಡೆ ಹೋಗಿ ನೋಡಿ. ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯುತ್ತೆ. ಪಕ್ಕದ ಚಿಂತಾಮಣಿ ತಾಲ್ಲೂಕಿನ ಕೈವಾರ ತಾತಯ್ಯನವರ ತತ್ವಪದಗಳೂ ಹಾಗೇ. ತೆಲುಗಿನಲ್ಲೂ ಇವೆ, ಕನ್ನಡದಲ್ಲೂ ಇವೆ. ಯಾವ ಭಾಷೆ ಅಂತ ವಿಚಾರಿಸಿಕೊಂಡು ಇಲ್ಲಿ ಯಾರೂ ತಾಳ ಹಾಕಲ್ಲ. ಭಾಷೆ ಅಡ್ಡ ಬರದ ಹಾಡಿಗೆ ಧರ್ಮ ಅಡ್ಡ ಬರಬೇಕಾ? ಇವತ್ತಿನ ಪ್ರಶ್ನೆ ಅದು.

ಕ್ರಿಸ್‌ಮಸ್ ಅಂದ್ರೆ ಕೇಕು, ನಕ್ಷತ್ರ ದೀಪ ಅಷ್ಟೇ ಅಲ್ಲ. ಅದು ಹಾಡಿನ ಹಬ್ಬ. ಹಬ್ಬಕ್ಕೆ ಮುಂಚೆ ಹಾಡುಗಾರರು ಗುಂಪಾಗಿ ಮನೆಮನೆಗೆ ಹೋಗಿ ಯೇಸು ಹುಟ್ಟಿದ ಕಥೆ ಹಾಡ್ತಾರೆ. ಅದಕ್ಕೆ ಕ್ಯಾರೋಲ್ ಅಂತಾರೆ. ಅದೇ ಹೊತ್ತಿಗೆ ನಮ್ಮಲ್ಲಿ ಧನುರ್ಮಾಸದ ಭಜನೆ. ಹಾಡ್ತಾ ಮನೆ ಬಾಗಿಲಿಗೆ ಬರೋದು ನಮಗೇನು ಹೊಸದಲ್ಲ.

1818ರ ಡಿಸೆಂಬರ್ 24. ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಊರಿನ ಚರ್ಚ್. ಪಾದ್ರಿ ಯೋಸೆಫ್ ಮೋರ್ ಬರೆದ ಪದ್ಯಕ್ಕೆ ಶಾಲಾ ಮೇಷ್ಟ್ರು ಫ್ರಾನ್ಸ್ ಗ್ರೂಬರ್ ರಾಗ ಹಾಕಿದರು. ಒಂದು ಗಿಟಾರ್ ಇಟ್ಟುಕೊಂಡು ಹಾಡಿದರು. ಇಡೀ ಲೋಕ ‘ಸೈಲೆಂಟ್ ನೈಟ್’ ಅಂತ ಹಾಡೋದು ಅದನ್ನೇ. 1914ರ ಕ್ರಿಸ್‌ಮಸ್‌ನಲ್ಲಿ, ಮಹಾಯುದ್ಧದ ನಡುವೆ, ಜರ್ಮನ್ ಮತ್ತು ಬ್ರಿಟಿಷ್ ಸೈನಿಕರು ತಮ್ಮ ತಮ್ಮ ಕಂದಕಗಳಿಂದ ಹಾಡಿದರು. ಕೆಲವು ಕಡೆ ಬಂದೂಕು ಬಿಟ್ಟು ಬಂದು ಕೈ ಕುಲುಕಿದರು.

ಇದೆಲ್ಲ ಪರದೇಶದ ಸರಕು ಅಂತೀರಾ? ನಿಘಂಟಿನ ಕಿಟೆಲ್ ಗೊತ್ತಲ್ಲ, ಅವರು 1862ರಲ್ಲೇ ‘ಕಥಾಮಾಲೆ’ ಅಂತ ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ ಬರೆದರು. ಕನ್ನಡದಲ್ಲಿ ಈ ಕಥೆ ಪದ್ಯವಾಗಿ ನೂರೈವತ್ತು ವರ್ಷ ದಾಟಿದೆ.

ಆದರೂ ಏನಾಯ್ತು? 2021ರ ಡಿಸೆಂಬರ್ 23ರಂದು, ಹಬ್ಬಕ್ಕೆ ಇನ್ನೆರಡೇ ದಿನ ಇರುವಾಗ, ಇದೇ ಚಿಕ್ಕಬಳ್ಳಾಪುರ ಜಿಲ್ಲೆಯ ಸೂಸೆಪಾಳ್ಯದ ಸಂತ ಜೋಸೆಫರ ಚರ್ಚ್‌ನಲ್ಲಿ ಸಂತ ಅಂತೋಣಿ ಪ್ರತಿಮೆಗೆ ಹಾನಿ ಮಾಡಿದರು. ಅಂಥ ಊರಿನಲ್ಲಿ ಮಕ್ಕಳನ್ನು ಕ್ಯಾರೋಲ್‌ಗೆ ಕಳಿಸೋಕೆ ತಾಯಿಗೆ ಧೈರ್ಯ ಎಲ್ಲಿಂದ ಬರಬೇಕು?

ಮೈಕ್ ಜೋರಾದರೆ ತಗ್ಗಿಸಿ ಅನ್ನಿ, ತಪ್ಪಿಲ್ಲ. ರಾತ್ರಿ 10ರ ನಂತರ ಧ್ವನಿವರ್ಧಕ ಬೇಡ ಅನ್ನೋ ನಿಯಮ ದೇವಸ್ಥಾನ, ಮಸೀದಿ, ಚರ್ಚ್ ಎಲ್ಲಕ್ಕೂ ಒಂದೇ. ಆದರೆ ಬರಿಗಂಟಲಲ್ಲಿ ಹಾಡ್ತಾ ಬೀದಿಯಲ್ಲಿ ಬರೋ ಹುಡುಗರನ್ನು ತಡೆದು ‘ಯಾಕೆ ಬಂದ್ರಿ’ ಅಂತ ಕೇಳೋ ಹಕ್ಕು ಯಾರಿಗೂ ಇಲ್ಲ. ಅವರಿಗೆ ರಕ್ಷಣೆ ಕೊಡೋದು ಪೊಲೀಸರ ಕೆಲಸ. ಹಾಡು ಮುಗಿಯೋವರೆಗೂ ಬಾಗಿಲು ತೆರೆದು ನಿಲ್ಲೋದು, ಒಂದು ಲೋಟ ಕಾಫಿ ಕೊಡೋದು ನಮ್ಮ ಕೆಲಸ. ಈ ಡಿಸೆಂಬರ್‌ನಲ್ಲಿ ಅಷ್ಟು ಮಾಡೋಣ.